ಯುದ್ಧಕ್ಕೆ ಹೋಗದ ದೇಶಗಳ ರೈಫಲ್‌ಗಳು: ಸ್ವೀಡನ್ ಮತ್ತು ಸ್ವಿಟ್ಜರ್ಲೆಂಡ್

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಯುರೋಪಿನ ಸೇನೆಗಳು ಒಂದೊಂದಾಗಿ ಕೈಬಿಟ್ಟ ಬೋಲ್ಟ್ ರೈಫಲ್‌ಗಳು ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಹಳೆಯ ಬಂದೂಕುಗಳ ಮಾರುಕಟ್ಟೆಗೆ ಬಂದವು. ರಷ್ಯಾದ ಮೊಸಿನ್–ನಗಾನ್, ಜರ್ಮನಿಯ ಕೆ98, ಬ್ರಿಟನ್ನಿನ ಲೀ–ಎನ್‌ಫೀಲ್ಡ್ ಎಲ್ಲವೂ ಕಂದಕಗಳ ಕೆಸರಿನಲ್ಲಿ ಹೊರಳಿದಂಥವು. ತುಕ್ಕು ತಿಂದ ನಳಿಗೆ, ಅವಸರದಲ್ಲಿ ಬದಲಿಸಿದ ಬಿಡಿಭಾಗ, ಒಂದಕ್ಕೊಂದು ತಾಳೆಯಾಗದ ಸಂಖ್ಯೆಗಳು ಅವುಗಳಲ್ಲಿ ಮಾಮೂಲು. ಸ್ವೀಡನ್ ಮತ್ತು ಸ್ವಿಟ್ಜರ್ಲೆಂಡಿನ ಗೋದಾಮುಗಳಿಂದ ಬಂದವು ಬೇರೆ ತರಹದವು. ಅವುಗಳ ನಳಿಗೆಯ ಒಳಗೆ ಬೆಳಕು ಬಿಟ್ಟರೆ ಕನ್ನಡಿಯ ಹೊಳಪು ಕಾಣುತ್ತಿತ್ತು, ಬೋಲ್ಟಿನಿಂದ ತಿರುಪಿನವರೆಗೆ ಒಂದೇ ಸಂಖ್ಯೆ ಇರುತ್ತಿತ್ತು. ಸ್ವೀಡನ್ 1814ರ ನಂತರ ಯಾವ ಯುದ್ಧಕ್ಕೂ ಇಳಿದಿರಲಿಲ್ಲ. ಸ್ವಿಟ್ಜರ್ಲೆಂಡಿನ ತಾಟಸ್ಥ್ಯಕ್ಕೆ 1815ರಲ್ಲೇ ಯುರೋಪಿನ ದೊಡ್ಡ ರಾಷ್ಟ್ರಗಳ ಮುದ್ರೆ ಬಿದ್ದಿತ್ತು. ಹಾಗೆಂದು ಎರಡೂ ದೇಶಗಳು ನಿಶ್ಶಸ್ತ್ರವಾಗಿ ಕುಳಿತವಲ್ಲ. ತಮ್ಮ ಗಡಿಯನ್ನು ತಾವೇ ಕಾಯಬೇಕೆಂಬ ಲೆಕ್ಕಾಚಾರದಲ್ಲಿ ಎರಡೂ ಅತ್ಯುತ್ತಮ ದರ್ಜೆಯ ರೈಫಲ್ ಮಾಡಿಸಿಕೊಂಡವು. ಆದರೆ ಅದನ್ನು ಪಡೆದ ದಾರಿ ಬೇರೆ ಬೇರೆ.

ಎರಡೂ ಕಥೆಗಳ ಹಿಂದೆ ಇರುವುದು 1880ರ ದಶಕದ ಒಂದು ಬದಲಾವಣೆ. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೇಯ್ ಹೊಗೆ ಕಾರದ ಮದ್ದನ್ನು ತಯಾರಿಸಿದ. 1886ರಲ್ಲಿ ಫ್ರೆಂಚ್ ಸೇನೆ ಅದನ್ನು ಬಳಸುವ 8 ಮಿ.ಮೀ. ಲೆಬೆಲ್ ರೈಫಲನ್ನು ಕೈಗೆತ್ತಿಕೊಂಡಿತು. ಅಲ್ಲಿಂದ ಮುಂದೆ 10, 11, 12 ಮಿ.ಮೀ. ಅಗಲದ ಸೀಸದ ಗುಂಡು, ಕರಿಮದ್ದು, ಪ್ರತಿ ಹೊಡೆತಕ್ಕೂ ಕಣ್ಣು ಕಟ್ಟುವ ಹೊಗೆ ಇವೆಲ್ಲ ಹಳೆಯ ಕಾಲದ ಸಂಗತಿಗಳಾದವು. ಕಿರಿದಾದ, ವೇಗದ, ದೂರ ಹೋಗುವ ಗುಂಡಿಗಾಗಿ ಪ್ರತಿ ದೇಶವೂ ಹೊಸ ರೈಫಲ್ ಹುಡುಕತೊಡಗಿತು.

ಈ ಓಟದಲ್ಲಿ ಸ್ವಿಟ್ಜರ್ಲೆಂಡ್ ಮುಂದಿತ್ತು. ಅದರ ಕೈಯಲ್ಲಿದ್ದ ವೆಟರ್ಲಿ ರೈಫಲ್ 1869ರಲ್ಲೇ ಮಂಜೂರಾದದ್ದು. ನಳಿಗೆಯ ಕೆಳಗಿನ ಕೊಳವೆಯಲ್ಲಿ ಹನ್ನೊಂದು ಹನ್ನೆರಡು ತೋಟಾ ತುಂಬಿಕೊಂಡು ಒಂದರ ಹಿಂದೊಂದು ಹಾರಿಸಬಲ್ಲ ಬಂದೂಕು ಆ ಕಾಲಕ್ಕೆ ಬೇರೆ ಸೇನೆಗಳ ಪದಾತಿಗಳಿಗೆ ಕನಸು. ಆದರೆ ಅದರ ತೋಟಾ ದುರ್ಬಲ. ಥೂನ್ ಪಟ್ಟಣದ ಸರ್ಕಾರಿ ಮದ್ದುಗುಂಡಿನ ಕಾರ್ಖಾನೆಯಲ್ಲಿದ್ದ ಎಡ್ವರ್ಡ್ ರೂಬಿನ್ ಎಂಬ ಸೇನಾಧಿಕಾರಿ 1882ರ ಹೊತ್ತಿಗೆ ಸೀಸದ ಗುಂಡಿಗೆ ತಾಮ್ರದ ಕವಚ ತೊಡಿಸುವ ಉಪಾಯ ಕಂಡುಕೊಂಡಿದ್ದ. ಬರಿಯ ಸೀಸದ ಗುಂಡನ್ನು ಹೆಚ್ಚು ವೇಗದಲ್ಲಿ ನೂಕಿದರೆ ಅದು ನಳಿಗೆಯ ಸುರುಳಿ ಗೀರುಗಳಿಗೆ ಮೆತ್ತಿಕೊಳ್ಳುತ್ತದೆ. ಕವಚವಿದ್ದರೆ ಆ ತೊಂದರೆ ಇಲ್ಲ. ಇಂದು ಜಗತ್ತಿನ ಎಲ್ಲ ಸೇನೆಗಳ ರೈಫಲ್ ಗುಂಡುಗಳಿಗೂ ಲೋಹದ ಕವಚವಿದೆ. ರೂಬಿನ್‌ನ 7.5 ಮಿ.ಮೀ. ತೋಟಾಕ್ಕೆ ತಕ್ಕ ಬಂದೂಕನ್ನು ಬರ್ನ್‌ನ ಸರ್ಕಾರಿ ಶಸ್ತ್ರ ಕಾರ್ಖಾನೆಯ ಕರ್ನಲ್ ರುಡಾಲ್ಫ್ ಶ್ಮಿಟ್ ರೂಪಿಸಿದ. 1889ರ ಮಾದರಿ ಎಂದು ಹೆಸರಾದ ಅದನ್ನು ಇಬ್ಬರ ಹೆಸರನ್ನೂ ಸೇರಿಸಿ ಶ್ಮಿಟ್–ರೂಬಿನ್ ಎನ್ನುತ್ತಾರೆ.

ಶ್ಮಿಟ್ ಮಾಡಿದ ಹೊಸತನ ಬೋಲ್ಟಿನದು. ಸಾಮಾನ್ಯ ಬೋಲ್ಟ್ ರೈಫಲ್ ಕೆಲಸ ಮಾಡುವುದು ಬಾಗಿಲ ಚಿಲಕದಂತೆ: ಹಿಡಿಯನ್ನು ಮೇಲೆತ್ತಬೇಕು, ಹಿಂದಕ್ಕೆಳೆಯಬೇಕು, ಮುಂದಕ್ಕೆ ನೂಕಬೇಕು, ಕೆಳಕ್ಕೆ ಒತ್ತಬೇಕು. ಶ್ಮಿಟ್‌ನ ಬಂದೂಕಿನಲ್ಲಿ ಎತ್ತುವುದೂ ಇಲ್ಲ, ಒತ್ತುವುದೂ ಇಲ್ಲ. ಹಿಡಿಯನ್ನು ನೇರ ಹಿಂದಕ್ಕೆ ಎಳೆದು ನೇರ ಮುಂದಕ್ಕೆ ನೂಕಿದರೆ ಸಾಕು. ಹಿಡಿಗೆ ಸೇರಿದ ಉದ್ದನೆಯ ಸರಳು ಬೋಲ್ಟಿನ ತೋಳಿನ ಮೇಲೆ ಓರೆಯಾಗಿ ಕೊರೆದ ತೋಡಿನಲ್ಲಿ ಓಡುತ್ತದೆ. ಸರಳು ನೇರ ಚಲಿಸಿದಂತೆ ತೋಳು ತಾನಾಗಿ ತಿರುಗಿ ಬೀಗ ಹಾಕುತ್ತದೆ, ತೆಗೆಯುತ್ತದೆ. ಆಸ್ಟ್ರಿಯಾದ ಮಾನ್ಲಿಖರ್ ಮತ್ತು ಆಮೇಲೆ ಕೆನಡಾದ ರಾಸ್ ರೈಫಲ್‌ಗಳಲ್ಲೂ ಇಂಥ ನೇರ ಎಳೆತದ ಬೋಲ್ಟ್ ಇತ್ತು. ರಾಸ್ ಮೊದಲ ಮಹಾಯುದ್ಧದ ಕೆಸರಿನಲ್ಲಿ ಸಿಕ್ಕಿಕೊಂಡು ಹೆಸರು ಕೆಡಿಸಿಕೊಂಡಿತು. ಸ್ವಿಸ್ ಬಂದೂಕಿಗೆ ಆ ಪರೀಕ್ಷೆ ಎದುರಾಗಲೇ ಇಲ್ಲ ಎಂಬುದನ್ನು ಅದರ ಅಭಿಮಾನಿಗಳು ಮರೆಯುವುದುಂಟು.

1889ರ ಮಾದರಿಯಲ್ಲಿ ದೋಷವೂ ಇತ್ತು. ಬೋಲ್ಟನ್ನು ಬಂಧಿಸುವ ಲಗ್‌ಗಳು ತೋಳಿನ ಹಿಂದಿನ ತುದಿಯಲ್ಲಿದ್ದವು, ಅಂದರೆ ಸ್ಫೋಟ ನಡೆಯುವ ಜಾಗದಿಂದ ಬಹಳ ದೂರ. ಪ್ರತಿ ಹೊಡೆತಕ್ಕೂ ಉದ್ದನೆಯ ಉಕ್ಕು ಒತ್ತಡಕ್ಕೆ ಸಿಕ್ಕಿ ಬಾಗುತ್ತಿತ್ತು. ಬಂದೂಕೂ ಉದ್ದ, 1.3 ಮೀಟರು, ಹನ್ನೆರಡು ತೋಟಾಗಳ ಮ್ಯಾಗಝಿನ್ ಹೊಟ್ಟೆಯ ಕೆಳಗೆ ಜೋತುಬಿದ್ದಿತ್ತು. 1896ರ ತಿದ್ದುಪಡಿಯಲ್ಲಿ ಲಗ್‌ಗಳು ತೋಳಿನ ಮುಂಭಾಗಕ್ಕೆ ಬಂದವು. 1911ರಲ್ಲಿ ಇನ್ನೂ ದೊಡ್ಡ ಬದಲಾವಣೆಯಾಯಿತು. ಮೊಂಡು ಮೂತಿಯ ಹಳೆಯ ಗುಂಡಿನ ಜಾಗದಲ್ಲಿ ಚೂಪು ಮೂತಿ, ಸಪೂರ ಬಾಲದ, 11.3 ಗ್ರಾಂ ತೂಕದ ಹೊಸ ಗುಂಡು ಬಂತು. ಜಿಪಿ11 ಎಂಬ ಆ ತೋಟಾ ಸೆಕೆಂಡಿಗೆ ಸುಮಾರು 780 ಮೀಟರ್ ವೇಗದಲ್ಲಿ ಗುಂಡು ಹಾರಿಸುತ್ತಿತ್ತು. ಅದಕ್ಕೆ ತಕ್ಕಂತೆ ಹಳೆಯ ಬಂದೂಕುಗಳನ್ನು ಬದಲಿಸಿದರು, ಹೊಸ ಉದ್ದದ ರೈಫಲನ್ನೂ ಗಿಡ್ಡ ಕಾರ್ಬೈನನ್ನೂ ಮಾಡಿದರು, ಮ್ಯಾಗಝಿನ್ ಆರು ತೋಟಾಕ್ಕೆ ಇಳಿಯಿತು. ಜಿಪಿ11 ತೋಟಾದ ಗುಣಮಟ್ಟದ ಬಗ್ಗೆ ಗುರಿಕಾರರಲ್ಲಿ ಈಗಲೂ ಎರಡು ಮಾತಿಲ್ಲ. ಸಾಮೂಹಿಕವಾಗಿ ತಯಾರಾದ ಸೇನಾ ತೋಟಾಗಳಲ್ಲಿ ಇದಕ್ಕೆ ಸಾಟಿಯಾದದ್ದು ಸಿಗುವುದು ಕಷ್ಟ.

ಸ್ವಿಸ್ ಪರಂಪರೆಯ ಕೊನೆಯ ಹಾಗೂ ಅತ್ಯುತ್ತಮ ಬಂದೂಕು 1931ರ ಕಾರ್ಬೈನ್, ಚಿಕ್ಕದಾಗಿ ಕೆ31. ಅಮೆರಿಕದ ವ್ಯಾಪಾರಿಗಳು ಇದನ್ನೂ ಶ್ಮಿಟ್–ರೂಬಿನ್ ಎಂದೇ ಮಾರಿದರು. ಆದರೆ ಶ್ಮಿಟ್ ತೀರಿಕೊಂಡು ಆಗಲೇ ಮೂವತ್ತು ವರ್ಷದ ಮೇಲಾಗಿತ್ತು. ಇದರ ಹಿಂದಿದ್ದದ್ದು ಬರ್ನ್ ಕಾರ್ಖಾನೆಯ ನಿರ್ದೇಶಕ ಕರ್ನಲ್ ಅಡಾಲ್ಫ್ ಫುರೆರ್. ನೇರ ಎಳೆತದ ತತ್ತ್ವವನ್ನು ಉಳಿಸಿಕೊಂಡು ಬೋಲ್ಟನ್ನು ಹೊಸದಾಗಿ ಕಟ್ಟಲಾಯಿತು. ಲಗ್‌ಗಳು ತೋಟಾ ಕೂರುವ ಕೋಣೆಯ ಬೆನ್ನಿಗೇ ಬಂದವು. ಇದರಿಂದ ಯಂತ್ರಭಾಗ ಸುಮಾರು 60 ಮಿ.ಮೀ. ಗಿಡ್ಡವಾಯಿತು, ಆ ಉಳಿತಾಯ ನಳಿಗೆಗೆ ಹೋಯಿತು. ಹಿಂದಿನ ಕಾರ್ಬೈನಿನ 592 ಮಿ.ಮೀ. ನಳಿಗೆ ಕೆ31ರಲ್ಲಿ 652 ಮಿ.ಮೀ. ಆದರೂ ಒಟ್ಟು ಉದ್ದ ಹೆಚ್ಚಾಗಲಿಲ್ಲ. ಅಂದಿನವರೆಗೆ ಪದಾತಿಗೆ ಉದ್ದ ಬಂದೂಕು, ಸವಾರನಿಗೆ ಗಿಡ್ಡ ಬಂದೂಕು ಎಂದಿದ್ದ ಎರಡು ಕವಲು ಇಲ್ಲಿ ಒಂದಾದವು. 1933ರಿಂದ 1958ರವರೆಗೆ ಬರ್ನ್‌ನಲ್ಲಿ 5 ಲಕ್ಷ 28 ಸಾವಿರಕ್ಕೂ ಹೆಚ್ಚು ಕೆ31ಗಳು ತಯಾರಾದವು.

ಸ್ವೀಡನ್ನಿನ ದಾರಿ ಬೇರೆಯದು. 1814ರಿಂದ 1905ರವರೆಗೆ ಸ್ವೀಡನ್ ಮತ್ತು ನಾರ್ವೆ ಒಬ್ಬನೇ ರಾಜನ ಕೆಳಗಿದ್ದ ಎರಡು ರಾಜ್ಯಗಳು. ಸೇನೆಗಳು ಬೇರೆ, ಬಂದೂಕುಗಳ ಆಯ್ಕೆ ಬೇರೆ, ಆದರೆ ತೋಟಾ ಮಾತ್ರ ಒಂದೇ ಇರಬೇಕೆಂದು ಒಪ್ಪಿಕೊಂಡರು. 1891ರಲ್ಲಿ ಕೂಡಿದ ಜಂಟಿ ಸಮಿತಿ ನಾನಾ ಅಳತೆಗಳನ್ನು ಪರೀಕ್ಷಿಸಿ 6.5 ಮಿ.ಮೀ. ಗುಂಡನ್ನೂ 55 ಮಿ.ಮೀ. ಉದ್ದದ ತೋಟಾ ಕೋಶವನ್ನೂ ಆರಿಸಿತು. ಆ ಹೊತ್ತಿಗೆ ಬೇರೆ ಹಲವು ದೇಶಗಳ ಒಲವು ಏಳೂವರೆ, ಎಂಟು ಮಿ.ಮೀ. ಕಡೆಗಿತ್ತು. ಸಪೂರವೂ ಉದ್ದವೂ ಆದ 6.5ರ ಗುಂಡು ಗಾಳಿಯನ್ನು ಸುಲಭವಾಗಿ ಸೀಳುತ್ತಿತ್ತು, ಹೊಡೆಯುವವನ ಭುಜಕ್ಕೆ ಬೀಳುವ ಒದೆತವೂ ಕಡಿಮೆ. ನಾರ್ವೆ ಅದಕ್ಕೆ ತನ್ನದೇ ಕ್ರಾಗ್–ಯೋರ್ಗೆನ್ಸೆನ್ ರೈಫಲ್ ಆರಿಸಿತು. ಸ್ವೀಡನ್ ಜರ್ಮನಿಯ ಓಬರ್ನ್‌ಡಾರ್ಫ್‌ನಲ್ಲಿದ್ದ ಪಾಲ್ ಮೌಸರ್‌ನ ಕಾರ್ಖಾನೆಯ ಕಡೆ ತಿರುಗಿತು. 1905ರಲ್ಲಿ ಎರಡು ರಾಜ್ಯಗಳು ಬೇರ್ಪಟ್ಟಾಗ ಗಡಿಯ ಎರಡು ಕಡೆ ಒಂದೇ ತೋಟಾದ ಬಂದೂಕುಗಳು ಎದುರುಬದುರಾಗಿ ನಿಂತಿದ್ದವು. ಅದೃಷ್ಟಕ್ಕೆ ಅಂದು ಹಾರಿಸುವ ಪ್ರಸಂಗ ಬರಲಿಲ್ಲ.

ಸ್ವೀಡನ್ನಿಗೆ ಮೊದಲು ಬಂದದ್ದು ಅಶ್ವದಳಕ್ಕಾಗಿ ಮಾಡಿದ ಗಿಡ್ಡ ಎಂ/94 ಕಾರ್ಬೈನ್. ಅದರ ಹಿಂದೆಯೇ ಪದಾತಿಯ ಎಂ/96 ಬಂತು: ಉದ್ದ 1256 ಮಿ.ಮೀ., ನಳಿಗೆ 739 ಮಿ.ಮೀ., ತೂಕ ಸುಮಾರು 4 ಕಿಲೊ. ಮೌಸರ್‌ನ 1893ರ ಸ್ಪ್ಯಾನಿಷ್ ಮಾದರಿಯೇ ಇದರ ಬುನಾದಿ. ಸ್ವೀಡನ್ನಿನವರು ತಮ್ಮ ಬೇಕು ಬೇಡಗಳನ್ನು ಅದಕ್ಕೆ ಸೇರಿಸಿದರು. ತೋಟಾ ಒಡೆದರೆ ಬಿಸಿ ಅನಿಲ ಹೊರಹೋಗಲು ಬೋಲ್ಟಿನಲ್ಲಿ ತೂತು, ತೋಟಾಗಳನ್ನು ಹೆಬ್ಬೆರಳಿನಿಂದ ಒತ್ತಲು ಎಡಗೋಡೆಯಲ್ಲಿ ಕಚ್ಚು, ಹೊಡೆಕಡ್ಡಿಯ ಹಿಂದೆ ಎದ್ದು ನಿಂತ ಪುಟ್ಟ ಮೊಳೆ ಇವು ಸ್ವೀಡಿಷ್ ಮೌಸರನ್ನು ದೂರದಿಂದಲೇ ಗುರುತಿಸುವ ಚಿಹ್ನೆಗಳು. ಕರಾರಿನ ಬಹು ಮುಖ್ಯವಾದ ಷರತ್ತು ಮಾತ್ರ ಉಕ್ಕಿನದು. ಜರ್ಮನಿಯಲ್ಲಿ ತಯಾರಾಗುವ ಬಂದೂಕುಗಳಿಗೂ ಸ್ವೀಡನ್ನಿನ ಉಕ್ಕನ್ನೇ ಬಳಸಬೇಕು ಎಂದು ಅವರು ಪಟ್ಟುಹಿಡಿದರು. ಶತಮಾನಗಳಿಂದ ಯುರೋಪಿಗೆ ಕಬ್ಬಿಣ ಮಾರಿಕೊಂಡು ಬಂದ ದೇಶಕ್ಕೆ ಇದು ಸಹಜ. ಬಂದೂಕಿನ ವಿನ್ಯಾಸ ಕೊಂಡು ತಂದದ್ದು, ಲೋಹ ಮತ್ತು ತೋಟಾ ತಮ್ಮವು.

ಓಬರ್ನ್‌ಡಾರ್ಫ್‌ನಿಂದ ಬಂದ ಎಂ/96ಗಳು ಸುಮಾರು 40 ಸಾವಿರ. ಉಳಿದವನ್ನು ಎಸ್ಕಿಲ್ಸ್‌ಟುನಾದ ಕಾರ್ಲ್ ಗುಸ್ತಾಫ್ ಸರ್ಕಾರಿ ಕಾರ್ಖಾನೆ 1898ರಿಂದ 1925ರವರೆಗೆ ಮಾಡಿತು. 1901ರಲ್ಲಿ ಕಡ್ಡಾಯ ಸೇನಾಸೇವೆ ಜಾರಿಗೆ ಬಂದದ್ದರಿಂದ ಬೇಡಿಕೆ ಹೆಚ್ಚಿತು. ಈ ಕಾರ್ಖಾನೆಯೊಂದೇ ನಾಲ್ಕೂವರೆ ಲಕ್ಷಕ್ಕಿಂತ ಹೆಚ್ಚು ಬಂದೂಕು ಹೊರತಂದಿತು. ಭಾರತೀಯ ಓದುಗರಿಗೆ ಈ ಹೆಸರು ಇನ್ನೊಂದು ಕಡೆಯಿಂದ ಪರಿಚಿತ. ಭಾರತೀಯ ಸೇನೆಯ ಜವಾನರು ಭುಜದ ಮೇಲಿಟ್ಟು ಹಾರಿಸುವ 84 ಮಿ.ಮೀ. ಕಾರ್ಲ್ ಗುಸ್ತಾಫ್ ಲಾಂಚರ್ ಹೆಸರು ಪಡೆದದ್ದು ಇದೇ ಕಾರ್ಖಾನೆಯಿಂದ. 1938ರಲ್ಲಿ ಉದ್ದ ಬಂದೂಕು ಹಳೆಯದಾಯಿತೆಂದು ನಳಿಗೆ ಕತ್ತರಿಸಿ ಎಂ/38 ಮಾಡತೊಡಗಿದರು. 1942ರಿಂದ 1944ರವರೆಗೆ ಹುಸ್ಕ್‌ವರ್ನಾ ಕಂಪನಿ ಅದನ್ನು ಹೊಸದಾಗಿಯೇ ತಯಾರಿಸಿತು. ಇಂದು ಮರ ಕೊಯ್ಯುವ ಗರಗಸ ಯಂತ್ರಗಳಿಗೆ ಹೆಸರಾದ ಅದೇ ಹುಸ್ಕ್‌ವರ್ನಾ.

ಎರಡು ಬಂದೂಕುಗಳನ್ನು ಪಕ್ಕಪಕ್ಕ ಇಟ್ಟರೆ ವ್ಯತ್ಯಾಸ ಮೊದಲು ಕೈಗೆ ಸಿಗುತ್ತದೆ. ಎಂ/96ರ ಹಿಡಿಯನ್ನು ಎತ್ತಿ ಹಿಂದಕ್ಕೆಳೆಯುವುದು ಹಗುರ. ಬೋಲ್ಟನ್ನು ಮುಂದಕ್ಕೆ ನೂಕುವ ಕೊನೆಯ ಬೆರಳುದ್ದದಲ್ಲಿ ಸ್ಪ್ರಿಂಗ್ ಬಿಗಿಯಾಗುವುದರಿಂದ ಅಲ್ಲಿ ಬಲ ಬೇಕು. 1898ರ ಪ್ರಸಿದ್ಧ ಜರ್ಮನ್ ಮೌಸರ್‌ನಲ್ಲಿ ಈ ಕೆಲಸ ಹಿಡಿ ಎತ್ತುವಾಗಲೇ ಮುಗಿಯುತ್ತದೆ, ಜೊತೆಗೆ ರಕ್ಷಣೆಗೆಂದು ಮೂರನೆಯ ಲಗ್ ಕೂಡ ಇದೆ. ಸ್ವೀಡಿಷ್ ಮಾದರಿಯಲ್ಲಿರುವುದು ಮುಂದಿನ ಎರಡೇ ಲಗ್. ಅದಕ್ಕಾಗಿಯೇ ಇಂದಿಗೂ ಈ ಹಳೆಯ ಬಂದೂಕುಗಳಿಗೆ ತೋಟಾ ತಯಾರಿಸುವವರು ಒತ್ತಡವನ್ನು ಮಿತಿಯಲ್ಲಿಡುತ್ತಾರೆ. ಕೆ31ರ ಬೋಲ್ಟ್ ವೇಗದ್ದು, ಗುರಿಯಿಂದ ಕಣ್ಣು ಕದಲಿಸದೆ ಮುಂದಿನ ತೋಟಾ ತುಂಬಬಹುದು. ಆದರೆ ಅಂಟಿಕೊಂಡ ಕೋಶವನ್ನು ಕಿತ್ತು ತೆಗೆಯುವ ಬಲ ಎತ್ತಿ ಎಳೆಯುವ ಬೋಲ್ಟಿಗಿದ್ದಷ್ಟು ಇದಕ್ಕಿಲ್ಲ. ಬಿಡಿಭಾಗಗಳೂ ಹೆಚ್ಚು, ತಯಾರಿಕೆಯ ಖರ್ಚೂ ಹೆಚ್ಚು. ಕೈಗಡಿಯಾರದ ನಾಡಿನಲ್ಲಿ ಮಾತ್ರ ಲಕ್ಷಗಟ್ಟಲೆ ಮಾಡಲು ಸಾಧ್ಯವಿದ್ದ ಬಂದೂಕು ಅದು.

ತೋಟಾ ತುಂಬುವ ವಿಧಾನದಲ್ಲಿ ಕೆ31 ಮೇಲು. ಅದರ ಆರು ತೋಟಾಗಳ ಪೆಟ್ಟಿಗೆ ಬಂದೂಕಿನಿಂದ ಕಳಚಿ ಬರುತ್ತದೆ. ಸ್ವೀಡಿಷ್ ಮ್ಯಾಗಝಿನ್ ಐದು ತೋಟಾಗಳದ್ದು, ಮರದೊಳಗೇ ಹುದುಗಿರುವಂಥದ್ದು. ಗುರಿಪಟ್ಟಿಗಳ ಮಟ್ಟಿಗೆ ಎರಡೂ ಹಳೆಯ ಕಾಲದವೇ. ಎಂ/96ರ ಪಟ್ಟಿ ಶುರುವಾಗುವುದೇ 300 ಮೀಟರಿನಿಂದ, ಮುಗಿಯುವುದು 2000ಕ್ಕೆ! ಎರಡು ಸಾವಿರ ಮೀಟರ್ ದೂರದ ಮನುಷ್ಯನಿಗೆ ಯಾರೂ ಗುರಿ ಇಡಲಾರರು. ಇಡೀ ತುಕಡಿ ಏಕಕಾಲಕ್ಕೆ ಗುಂಡಿನ ಮಳೆ ಸುರಿಸುತ್ತದೆ ಎಂಬ ಹತ್ತೊಂಬತ್ತನೆಯ ಶತಮಾನದ ಎಣಿಕೆ ಅದು. ಕೆ31ರ ಪಟ್ಟಿ 100ರಿಂದ 1500ರವರೆಗೆ. ಬರಿಗಣ್ಣಿನ ಗುರಿಕಾರನಿಗೆ 300 ಮೀಟರಿನಲ್ಲಿ ಎರಡೂ ಬಂದೂಕುಗಳು ಕೊಡುವ ಫಲಿತಾಂಶದಲ್ಲಿ ಆಯ್ಕೆ ಮಾಡುವಂಥದ್ದೇನಿಲ್ಲ.

ದೂರದರ್ಶಕ ಕೂರಿಸುವ ವಿಷಯದಲ್ಲಿ ಸ್ವೀಡನ್ ನೇರ ದಾರಿ ಹಿಡಿಯಿತು. ಚೆನ್ನಾಗಿ ಗುರಿ ಹಿಡಿಯುವ ಎಂ/96ಗಳನ್ನು ಆರಿಸಿ, ಜರ್ಮನಿಯ ಅಯಾಕ್ ದೂರದರ್ಶಕ ಜೋಡಿಸಿ ಎಂ/41 ಎಂದು ಕರೆಯಿತು. ಸ್ವಿಸ್ ಕುಶಲಕರ್ಮಿಗಳು ಇಲ್ಲೂ ಸುತ್ತುದಾರಿ ಹಿಡಿದರು. ಅವರ 31/42 ಮತ್ತು 31/43 ಮಾದರಿಗಳಲ್ಲಿ ಪುಟ್ಟ ದೂರದರ್ಶಕವೊಂದು ಬಂದೂಕಿನ ಎಡಪಕ್ಕಕ್ಕೇ ಅಂಟಿಕೊಂಡಿತ್ತು. ಬೇಡವಾದಾಗ ಅದರ ತಲೆಯನ್ನು ಕೆಳಗೆ ಮಡಚಿಡಬಹುದಿತ್ತು, ಬೇಕಾದಾಗ ಪೆರಿಸ್ಕೋಪಿನಂತೆ ಮೇಲೆತ್ತಬಹುದಿತ್ತು. ಸಾಮರ್ಥ್ಯ ಮಾತ್ರ 1.8 ಪಟ್ಟು, ಆಮೇಲೆ 2.8 ಪಟ್ಟು. ಜಾಣತನ ಬಹಳ, ಪ್ರಯೋಜನ ಸ್ವಲ್ಪ. 1955ರ ಮಾದರಿಯಲ್ಲಿ ಈ ಏರ್ಪಾಡನ್ನು ಕೈಬಿಟ್ಟು ಬಂದೂಕಿನ ಮೇಲೆಯೇ ಕೂರುವ 3.5 ಪಟ್ಟಿನ ದೂರದರ್ಶಕಕ್ಕೆ ಬಂದರು.

ಈ ಬಂದೂಕುಗಳ ಚರಿತ್ರೆ ಹೆಚ್ಚು ಸ್ಪಷ್ಟವಾಗಿ ಕಾಣುವುದು ಮರದ ಹಿಂಬದಿಯಲ್ಲಿ. ಸ್ವೀಡಿಷ್ ರೈಫಲ್‌ನ ಭುಜದ ಮರದ ಬಲಪಕ್ಕದಲ್ಲಿ ಒಂದು ದುಂಡು ಹಿತ್ತಾಳೆ ಬಿಲ್ಲೆ ಇರುತ್ತದೆ. ಸೇನೆಯ ಬಂದೂಕು ರಿಪೇರಿಗಾರ ತಪಾಸಣೆ ಮಾಡಿ ನಳಿಗೆಯ ಒಳ ಅಳತೆ ಎಷ್ಟು, ಒಳಗೋಡೆ ಎಷ್ಟು ಶುಭ್ರ, 1941ರ ಚೂಪು ಗುಂಡು ಹಾರಿಸಿದರೆ ಗುರಿಯಿಂದ ಎಷ್ಟು ಮೇಲೆ ಬೀಳುತ್ತದೆ ಎಂಬುದನ್ನು ಬಿಲ್ಲೆಯ ಮೂರು ಭಾಗಗಳಲ್ಲಿ ಕೊರೆದಿಡುತ್ತಿದ್ದ. ಬಂದೂಕಿನ ಮೈಮೇಲೇ ಅದರ ಆರೋಗ್ಯದ ವರದಿ. ಸ್ವಿಸ್ ಬಂದೂಕಿನಲ್ಲಿ ಭುಜಕ್ಕೆ ತಗುಲುವ ಲೋಹದ ತಗಡನ್ನು ಬಿಚ್ಚಿದರೆ ಎಷ್ಟೋ ಸಲ ಒಂದು ಚೀಟಿ ಸಿಗುತ್ತದೆ. ಬಂದೂಕು ಯಾರ ಪಾಲಿಗೆ ಬಂದಿತ್ತೋ ಆ ಸೈನಿಕನ ಹೆಸರು, ತುಕಡಿ, ಊರು ಅದರಲ್ಲಿರುತ್ತದೆ. ಸಂಗ್ರಾಹಕರು ಈ ಚೀಟಿಗಳ ಜಾಡು ಹಿಡಿದು ಹಳೆಯ ಸೈನಿಕರ ಮನೆಗಳಿಗೆ ಪತ್ರ ಬರೆದದ್ದೂ ಉಂಟು.

ಬಿಲ್ಲೆ ಮತ್ತು ಚೀಟಿ ಎರಡು ದೇಶಗಳ ವ್ಯವಸ್ಥೆಯನ್ನೇ ಹೇಳುತ್ತವೆ. ಸ್ವೀಡನ್ನಿನಲ್ಲಿ ಬಂದೂಕು ಸರ್ಕಾರದ ಆಸ್ತಿ. ತರಬೇತಿ ಮುಗಿದ ಮೇಲೆ ಅದು ಗೋದಾಮಿಗೆ ಮರಳುತ್ತಿತ್ತು, ಎಣ್ಣೆ ಸವರಿಕೊಂಡು ಮುಂದಿನ ಕರೆಗೆ ಕಾಯುತ್ತಿತ್ತು. 1860ರ ದಶಕದಿಂದ ಬೆಳೆದುಬಂದ ಸ್ವಯಂಪ್ರೇರಿತ ಗುರಿ ಸಂಘಗಳ ಕೈಗೂ ಸಾಕಷ್ಟು ಬಂದೂಕುಗಳು ಹೋದವು. ಆ ಸಂಘಗಳಿಗಾಗಿಯೇ ಎಂ/96ನ್ನು ಭಾರವಾದ ನಳಿಗೆ, ಹೊಸ ಗುರಿಪಟ್ಟಿಯೊಡನೆ ಬದಲಿಸಿ 1960ರ ದಶಕದಲ್ಲಿ ಸಿಜಿ63 ಎಂಬ ಸ್ಪರ್ಧಾ ರೈಫಲ್ ಮಾಡಿದರು. ಸ್ವಿಟ್ಜರ್ಲೆಂಡಿನ ಸೇನೆ ನಾಗರಿಕರ ಸೇನೆ. ಸೈನಿಕ ಬಂದೂಕನ್ನು ಮನೆಗೆ ಒಯ್ಯುತ್ತಿದ್ದ, ಬೀರುವಿನಲ್ಲಿಡುತ್ತಿದ್ದ, ವರ್ಷವರ್ಷವೂ ಕಡ್ಡಾಯ ಗುರಿ ಪರೀಕ್ಷೆಗೆ ಹೊತ್ತು ತರುತ್ತಿದ್ದ. ಸೇವಾವಧಿ ಮುಗಿದ ಮೇಲೆ ಬಯಸಿದವನು ಅದನ್ನು ಇಟ್ಟುಕೊಳ್ಳಬಹುದಿತ್ತು. ಆಗ ಖಾಸಗಿ ಒಡೆತನದ ಗುರುತಾಗಿ ಅದರ ಮೇಲೆ ಪಿ ಎಂಬ ಅಕ್ಷರ ಒತ್ತುತ್ತಿದ್ದರು. ಗೋದಾಮಿನ ಶಿಸ್ತು ಒಂದನ್ನು ಕಾಪಾಡಿತು, ಮನೆಯ ಒಡೆತನದ ಮಮತೆ ಇನ್ನೊಂದನ್ನು.

ಎಲ್ಲ ಸ್ವೀಡಿಷ್ ಮೌಸರ್‌ಗಳೂ ಯುದ್ಧ ತಪ್ಪಿಸಿಕೊಂಡವಲ್ಲ. 1939ರ ನವೆಂಬರಿನಲ್ಲಿ ಸೋವಿಯತ್ ಸೇನೆ ಫಿನ್ಲೆಂಡಿಗೆ ನುಗ್ಗಿದಾಗ ಸ್ವೀಡನ್ ಅಧಿಕೃತವಾಗಿ ಯುದ್ಧಕ್ಕಿಳಿಯಲಿಲ್ಲ, ಆದರೆ ಹತ್ತಾರು ಸಾವಿರ ಎಂ/96ಗಳನ್ನು ನೆರೆಯವರಿಗೆ ಒದಗಿಸಿತು. ಸ್ವೀಡನ್ನಿನ ಸ್ವಯಂಸೇವಕರೂ ಇದೇ ಬಂದೂಕು ಹಿಡಿದು ಹೋದರು. ಫಿನ್ನಿಷ್ ಸೇನೆಯ ಎಸ್ಎ ಮುದ್ರೆಯುಳ್ಳ ಎಂ/96 ಸಿಕ್ಕರೆ ಸಂಗ್ರಾಹಕರಿಗೆ ಹಬ್ಬ. ಸ್ವಿಸ್ ಬಂದೂಕುಗಳಿಗೆ ಇಂಥ ಅಧ್ಯಾಯವಿಲ್ಲ. ಎರಡೂ ಮಹಾಯುದ್ಧಗಳಲ್ಲಿ ಅವು ಗಡಿಯ ಬೆಟ್ಟಗಳಲ್ಲಿ ಕಾವಲಿಗೆ ನಿಂತವು, ಅಷ್ಟೆ.

ಸ್ವಯಂಚಾಲಿತ ರೈಫಲ್‌ಗಳು ಬಂದಾಗ ಎರಡರ ಕಾಲವೂ ಮುಗಿಯಿತು. ಸ್ವಿಟ್ಜರ್ಲೆಂಡಿನಲ್ಲಿ 1957ರ ಮಾದರಿಯ ಆಕ್ರಮಣ ರೈಫಲ್ ಕೆ31ರ ಜಾಗ ಹಿಡಿಯಿತು. ಸ್ವೀಡನ್ 1942ರಲ್ಲೇ ಅರೆಸ್ವಯಂಚಾಲಿತ ಬಂದೂಕೊಂದನ್ನು ತಂದಿದ್ದರೂ ಮೌಸರ್‌ಗೆ ನಿಜವಾದ ವಿದಾಯ ಹೇಳಿದ್ದು 1960ರ ದಶಕದಲ್ಲಿ, ಜರ್ಮನ್ ಜಿ3 ರೈಫಲ್ ಬಂದ ಮೇಲೆ. ಗೋದಾಮು ಖಾಲಿ ಮಾಡುವ ಮಾರಾಟ ಶುರುವಾಯಿತು. ಅತಿ ದೊಡ್ಡ ಗಿರಾಕಿ ಅಮೆರಿಕ. ಆದರೆ ಅಲ್ಲಿಯ 1968ರ ಬಂದೂಕು ನಿಯಂತ್ರಣ ಕಾಯ್ದೆ ಹೊರದೇಶದ ಸೇನಾ ಬಂದೂಕುಗಳ ಆಮದಿಗೆ ತಡೆ ಹಾಕಿತು. 1980ರ ದಶಕದ ಮಧ್ಯದಲ್ಲಿ ಐವತ್ತು ವರ್ಷ ಮೀರಿದ ಸಂಗ್ರಹಯೋಗ್ಯ ಬಂದೂಕುಗಳಿಗೆ ವಿನಾಯಿತಿ ಸಿಕ್ಕಿತು. ಆಮೇಲೆ ಮೊದಲು ಸ್ವೀಡಿಷ್ ಮೌಸರ್‌ಗಳು, ಶತಮಾನ ಮುಗಿಯುವ ಹೊತ್ತಿಗೆ ಕೆ31ಗಳು ರಾಶಿ ರಾಶಿಯಾಗಿ ಹಡಗಿನಲ್ಲಿ ಹೋದವು, ಮೊದಮೊದಲು ಅಗ್ಗದ ಬೆಲೆಗೆ ಬಿಕರಿಯಾದವು.

ಕೊಂಡವರಿಗೆ ಎರಡು ಬಗೆಯ ಹಾನಿ ಕಣ್ಣಿಗೆ ಬಿತ್ತು. ಕೆ31ಗಳ ಮರದ ಕೆಳತುದಿ ಬಹಳ ಸಲ ಕಪ್ಪಾಗಿ, ಜಜ್ಜಿದಂತೆ ಇರುತ್ತಿತ್ತು; ಬಂದೂಕುಗಳನ್ನು ಹಿಮ ಕೆಸರಿನಲ್ಲಿ ನಿಲ್ಲಿಸಿಟ್ಟದ್ದು, ಮೊಳೆ ಹೊಡೆದ ಬೂಟುಗಳು ತಾಗಿದ್ದು ಇದಕ್ಕೆ ಕಾರಣ ಎನ್ನುತ್ತಾರೆ. ಒಳಗಿನ ಲೋಹ ಮಾತ್ರ ಹೊಸದರಂತೆ. ಸ್ವೀಡಿಷ್ ಬಂದೂಕುಗಳಿಗೆ ಹಾನಿ ಮಾಡಿದ್ದು ಹವ್ಯಾಸಿಗಳು. ಬೇಟೆಗೆ ಅನುಕೂಲವಾಗಲೆಂದು ಸಾವಿರಾರು ಎಂ/96ಗಳ ಮರ ಕತ್ತರಿಸಿ, ನಳಿಗೆ ಮೊಟಕು ಮಾಡಿ, ಮೇಲ್ಭಾಗಕ್ಕೆ ತೂತು ಕೊರೆದು ದೂರದರ್ಶಕ ಬಿಗಿದರು. ಇಂದು ಕೈ ಹಾಕದ ಎಂ/96 ಒಂದರ ಬೆಲೆ ಹಾಗೆ ಕೊರೆದದ್ದಕ್ಕಿಂತ ಎಷ್ಟೋ ಹೆಚ್ಚು.

ಕೊಳ್ಳುವವನ ಕಣ್ಣಿನಿಂದ ನೋಡಿದರೆ ಬಂದೂಕಾಗಿ ಕೆ31 ಒಂದು ಕೈ ಮೇಲು, ತೋಟಾದ ವಿಷಯಕ್ಕೆ ಬಂದರೆ ಸ್ವೀಡನ್ ಮುಂದು. 6.5×55 ಇಂದಿಗೂ ಸ್ಕ್ಯಾಂಡಿನೇವಿಯಾದ ಜಿಂಕೆ ಕುಟುಂಬದ ದೊಡ್ಡ ಪ್ರಾಣಿ ಎಲ್ಕ್‌ನ ಬೇಟೆಯಲ್ಲಿ ಅತ್ಯಂತ ಜನಪ್ರಿಯವಾದ ತೋಟಾಗಳಲ್ಲಿ ಒಂದು, ಹಲವು ದೇಶಗಳ ಕಾರ್ಖಾನೆಗಳು ಅದನ್ನು ತಯಾರಿಸುತ್ತವೆ. 7.5 ಮಿ.ಮೀ. ಸ್ವಿಸ್ ತೋಟಾ ತನ್ನ ಹಳೆಯ ಸೇನಾ ಬಂದೂಕುಗಳ ಆಚೆಗೆ ಹೆಚ್ಚು ಹರಡಲಿಲ್ಲ. ಸ್ವಿಟ್ಜರ್ಲೆಂಡಿನಲ್ಲಿ ಮಾತ್ರ ಅದಕ್ಕಿನ್ನೂ ಕೆಲಸವಿದೆ: ಪ್ರತಿ ವರ್ಷ ನಡೆಯುವ 300 ಮೀಟರ್ ರಾಷ್ಟ್ರೀಯ ಗುರಿ ಸ್ಪರ್ಧೆಗೆ ಇಂದಿನ ಸೇನಾ ರೈಫಲ್ ಜೊತೆಗೆ ಕೆ31 ಮತ್ತು 1911ರ ರೈಫಲ್‌ಗಳನ್ನೂ ತರಬಹುದು.